ಮಾವ ಕಿತ್ತು ನೆಟ್ಟ ಗೂಟ

ಮಾವ ತೀರಿಕೊಂಡ ದಿನ ನನಗೆ ಸುಸ್ತೇ ಹೆಚ್ಚಾಗಿತ್ತು. ಮೂರು ತಿಂಗಳು ಮಲಗಿದಲ್ಲೇ ಇದ್ದವರ ಬಟ್ಟೆ ಒಗೆದು, ಗಂಜಿ ಕುಡಿಸಿ, ಬೆನ್ನಿನ ಹುಣ್ಣಿಗೆ ಎಣ್ಣೆ ಹಚ್ಚಿದವಳು ನಾನು. ಊರಿನ ಹೆಂಗಸರು ಬಂದು "ಐಗೋ, ಐಗೋ" ಎಂದು ನೆಲ ಬಡಿದು ಅಳುತ್ತಿರುವಾಗ ನಾನು ಒಲೆಯ ಮುಂದೆ ಕೂತು, ಇಷ್ಟು ಜನಕ್ಕೆ ಏನು ಬಡಿಸಲಿ ಎಂದು ತಲೆ ಕೆಡಿಸಿಕೊಂಡಿದ್ದೆ. ಹೊಲದಲ್ಲಿ ಬಾರ್ಲಿ ಇನ್ನೂ ಹಸಿರಾಗಿತ್ತು. ಹಳೆಯ ಕಾಳಿನ ಗಡಿಗೆಯ ತಳ ಕಂಡಿತ್ತು. ಸಾಯುವುದಕ್ಕೂ ಈ ಮನುಷ್ಯ ಇಂಥ ಹೊತ್ತೇ ನೋಡಿಕೊಂಡರಲ್ಲ ಎಂದು ಸಿಟ್ಟೂ ಬಂತು.

ನನ್ನ ಗಂಡ ಇನ್ಸು, ಮಾವನಿಗೆ ಒಬ್ಬನೇ ಮಗ. ಸೂತಕದ ಸೆಣಬಿನ ಬಟ್ಟೆ, ಟೋಪಿ ತೊಟ್ಟು, ಸೊಂಟಕ್ಕೆ ಹುಲ್ಲಿನ ಹಗ್ಗ ಕಟ್ಟಿಕೊಂಡು ಹೆಣದ ಪಕ್ಕ ಬಾಗಿ ಕೂತವರು ಬೆಳಗಿನಿಂದ ಎದ್ದಿರಲಿಲ್ಲ. ನಾನು ಗಂಜಿ ಒಯ್ದಾಗ ತಲೆ ಎತ್ತಿದರು.

"ಅಪ್ಪನ್ನ ಅಮ್ಮನ ಪಕ್ಕಕ್ಕೇ ಇಡ್ತೀನಿ."

"ಎಲ್ಲಿ, ಬೆಟ್ಟದ ಮೇಲಾ?"

"ಮತ್ತೆಲ್ಲಿ? ಏಳು ತಲೆಮಾರಿನೋರು ಅಲ್ಲೇ ಮಲಗಿದಾರೆ. ಅಪ್ಪ ಒಬ್ಬರನ್ನೇ ಗದ್ದೆ ಬದಿಯಲ್ಲಿ ಹೂಳೋಕಾಗತ್ತಾ?"

"ಬೇಲಿ?"

"ಸತ್ತೋರಿಗೆ ಯಾವ ಬೇಲಿ! ನೀನು ಸುಮ್ನಿರು."

ಗಂಜಿಯ ಬಟ್ಟಲನ್ನು ಅಲ್ಲೇ ಇಟ್ಟು ಅಂಗಳಕ್ಕೆ ಬಂದೆ. ನಮ್ಮ ಮನೆಯ ಹಿಂದಿನ ಬೆಟ್ಟಕ್ಕೆ ಇನ್ನೂರು ಹೆಜ್ಜೆ. ಅಂಗಳದಲ್ಲಿ ನಿಂತರೆ ಅತ್ತೆಯ ಗೋರಿಯ ದಿಬ್ಬ ಕಾಣುತ್ತದೆ. ಆದರೆ ಮನೆಗೂ ಬೆಟ್ಟಕ್ಕೂ ನಡುವೆ ಸಾಲಾಗಿ ಗೂಟಗಳಿವೆ, ಗೂಟಕ್ಕೆ ಮುಳ್ಳುತಂತಿ ಸುತ್ತಿದೆ. ನಮ್ಮ ದೇಶ ಎರಡು ಪಾಲಾಗಿ, ಈಚೆಗೆ ದಕ್ಷಿಣ, ಆಚೆಗೆ ಉತ್ತರ. ಹೋದ ತಿಂಗಳು ನಮ್ಮೂರಿನ ಚೋನ್ ಎಂಬುವನ ಎತ್ತು ತಂತಿ ಹರಿದುಕೊಂಡು ಆಚೆ ಹೋಯಿತು. ಎತ್ತು ಹಿಡಿದು ತರುತ್ತೇನೆಂದು ಹೋದ ಚೋನ್ ಈವರೆಗೂ ಬಂದಿಲ್ಲ. ಎತ್ತು ಎರಡು ದಿನ ಬಿಟ್ಟು ತಾನೇ ವಾಪಸು ಬಂತು. ಅವನ ಹೆಂಡತಿ ಈಗ ಆ ಎತ್ತಿಗೆ ಹುಲ್ಲು ಹಾಕುವಾಗಲೆಲ್ಲ ಬೈಯುತ್ತಾಳೆ.

ನನ್ನ ಗಂಡ ಹೆಣದ ಜೊತೆ ಆಚೆ ಹೋದರೆ ಬರುವುದಿಲ್ಲ. ನನಗೆ ಅದು ಖಂಡಿತವಾಗಿ ಗೊತ್ತಿತ್ತು. ನಾಲ್ಕು ವರ್ಷದ ಮಗಳನ್ನು ಕಟ್ಟಿಕೊಂಡು ನಾನು ಚೋನ್‌ನ ಹೆಂಡತಿಯ ಹಾಗೆ ಕೂರಬೇಕು. ಇನ್ನೂ ಒಂದು ಸಂಗತಿ ಗೊತ್ತಿತ್ತು. ಆ ಗೂಟಗಳು ಮನೆಗೂ ಬೆಟ್ಟಕ್ಕೂ ನಡುವೆ ಬಂದದ್ದು ಹೇಗೆ ಎಂಬುದು ನಮ್ಮೂರಿನಲ್ಲಿ ಇಬ್ಬರಿಗೇ ತಿಳಿದಿತ್ತು. ಒಬ್ಬರು ಒಳಗೆ ಹೆಣವಾಗಿ ಮಲಗಿದ್ದರು, ಇನ್ನೊಬ್ಬಳು ನಾನು.

ದೊಡ್ಡ ದೇಶಗಳ ಜಗಳ, ಬಡವರ ರಾಜ್ಯಕ್ಕೂ ಸಾಹುಕಾರರ ರಾಜ್ಯಕ್ಕೂ ಜಗಳ ಎಂದು ಈಗ ಎಲ್ಲರೂ ದೊಡ್ಡ ಬಾಯಿ ಮಾಡಿ ಹೇಳುತ್ತಾರೆ. ಆ ಜಗಳ ಎಳೆಗೂಸಾಗಿದ್ದಾಗ ನಾನು ಕಂಡಿದ್ದೇನೆ. ಅದು ಹುಟ್ಟುವ ಮುಂಚೆಯೂ ಕಂಡಿದ್ದೇನೆ. ಜಪಾನಿನವರು ಗಂಟುಮೂಟೆ ಕಟ್ಟಿದ ವರ್ಷ, ಭತ್ತದ ಕೊಯ್ಲಿನ ಕಾಲಕ್ಕೆ, ಉತ್ತರದಿಂದ ರಷ್ಯಾದವರು ಬಂದರು, ದಕ್ಷಿಣದಿಂದ ಅಮೆರಿಕದವರು ಬಂದರು. ಇಬ್ಬರೂ ಎದುರಾದದ್ದು ನಮ್ಮ ಕಣದಲ್ಲಿ. ಅಬ್ಬಬ್ಬಾ, ತಬ್ಬಿಕೊಂಡದ್ದೇನು, ಬೆನ್ನು ತಟ್ಟಿಕೊಂಡದ್ದೇನು, ಟೋಪಿ ಬದಲಿಸಿಕೊಂಡದ್ದೇನು! ನಮ್ಮ ಅಕ್ಕಿ ಹೆಂಡದ ಗಡಿಗೆಯನ್ನು ಒಂದೇ ಮಧ್ಯಾಹ್ನ ಖಾಲಿ ಮಾಡಿದರು. ಮಾವನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದರು.

"ನೋಡಮ್ಮಾ, ಎಂಥಾ ಒಳ್ಳೇ ಹುಡುಗರು! ಒಂದೇ ತಾಯಿ ಮಕ್ಕಳ ಥರ ಇದಾರೆ," ಎಂದು ಮಾವ ಹಿಗ್ಗಿ ಹೀರೇಕಾಯಿಯಾದರು.

ಮರುವರ್ಷ ಅವರು ಕಣದಲ್ಲಿ ಸಿಕ್ಕಾಗ ತಲೆಯಾಡಿಸಿದರು, ತಬ್ಬಿಕೊಳ್ಳಲಿಲ್ಲ. ಆಚೆಯ ಸಂತೆಗೆ ಹೋಗುವವರ ಹತ್ತಿರ ಚೀಟಿ ಕೇಳತೊಡಗಿದರು. ಅದರ ಮರುವರ್ಷ ಇಬ್ಬರೂ ಕೂಡಿ ಗಡಿ ಅಳೆಯಲು ಬಂದರು. ಕೂಡಿ ಎಂದರೆ ಎಂಥ ಕೂಡಿ! ಒಂದೇ ಗೆರೆಯನ್ನು ಅಮೆರಿಕದವರು ತಮ್ಮ ಸರಪಳಿ ಹಿಡಿದು ಅಳೆದರು, ಅವರು ಮುಗಿಸಿದ ಮೇಲೆ ರಷ್ಯಾದವರು ತಮ್ಮ ಸರಪಳಿ ಹಿಡಿದು ಅದನ್ನೇ ಅಳೆದರು. ಊಟಕ್ಕೆ ಒಬ್ಬರು ಬಾವಿಯ ಹತ್ತಿರ ಕೂತರೆ ಇನ್ನೊಬ್ಬರು ಪೈನ್ ಮರದ ಕೆಳಗೆ ಕೂತರು. ಎರಡು ಕಡೆಗೂ ನೀರು ಹೊತ್ತು ನನ್ನ ಕುತ್ತಿಗೆ ಬಿದ್ದುಹೋಯಿತು.

"ಇವರಿಗೇನಾಯ್ತೇ? ಅವತ್ತು ಅಷ್ಟು ಮುದ್ದಾಡ್ತಿದ್ರು," ಎಂದು ಪಕ್ಕದ ಮನೆಯವಳು ಪಿಸುಗುಟ್ಟಿದಳು.

"ಆಸ್ತಿ ಪಾಲಾಗೋವಾಗ ಅಣ್ಣತಮ್ಮಂದಿರು ಹೀಗೇ ಕಣೇ," ಎಂದೆ ನಾನು. ಇಬ್ಬರೂ ನಕ್ಕೆವು. ಪಾಲಾಗುತ್ತಿದ್ದ ಆಸ್ತಿ ನಮ್ಮದು ಎಂಬುದು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಆ ದಿನ ಅವರು ಗೂಟ ನೆಟ್ಟದ್ದು ಬೆಟ್ಟದ ಆಚೆಯ ಬುಡದಲ್ಲಿ. ಬೆಟ್ಟ ನಮ್ಮ ಕಡೆಗೇ ಉಳಿದಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸರಿಯಾಗಿರುತ್ತಿತ್ತು. ಆದರೆ ಅಮೆರಿಕದವರ ದುಭಾಷಿ ಹೋಗುವಾಗ ಮಾವನನ್ನು ಕರೆದು, ಈ ಬೆಟ್ಟ ಯಾರದು ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡ. ಮಾವನ ಮುಖ ಬಿಳಿಚಿಕೊಂಡಿತು. ಅವರ ಹರೆಯದಲ್ಲಿ ಜಪಾನಿನವರು ಹೀಗೇ ಗೂಟ ನೆಟ್ಟು, ಹೀಗೇ ಹೆಸರು ಕೇಳಿ ಬರೆದುಕೊಂಡು ಹೋಗಿದ್ದರಂತೆ. ಗೂಟದೊಳಗೆ ಬಿದ್ದ ನಮ್ಮ ಸೌದೆಯ ಕಾಡು ಆರು ತಿಂಗಳಲ್ಲಿ ಸರ್ಕಾರದ್ದಾಗಿತ್ತು. ಗೋರಿಗಳ ಬೆಟ್ಟವೊಂದು ಹೇಗೋ ಉಳಿದಿತ್ತು. ಅದಕ್ಕೂ ಬೆಟ್ಟದಾಚೆಯ ಊರಿನ ಪ್ಯೊ ಮನೆತನದವರು ತಮ್ಮ ಅಜ್ಜನ ಗೋರಿ ಮೊದಲಿನದು ಎಂದು ತಕರಾರು ತೆಗೆದು, ಎರಡು ಮನೆಗಳೂ ನಲವತ್ತು ವರ್ಷ ಕೋರ್ಟು ಕಚೇರಿ ಅಲೆದಿದ್ದವು. ಗೋರಿಯ ಜಾಗಕ್ಕಾಗಿ ನಮ್ಮ ಜನ ಉಪವಾಸ ಬಿದ್ದಾದರೂ ವ್ಯಾಜ್ಯ ಆಡುತ್ತಾರೆ.

ಮರುದಿನ ಬೆಳಿಗ್ಗೆ ದಟ್ಟ ಮಂಜು. ಅಳತೆಯವರು ಮುಂದಿನ ಊರಿಗೆ ಹೋಗಿದ್ದರು. ನನ್ನ ಗಂಡ ಆಗ ಸೋಲ್ ನಗರದಲ್ಲಿ ರೈಲ್ವೆ ಕೂಲಿಗೆ ಹೋಗಿದ್ದರು. ಮಾವ ಅಡುಗೆಮನೆಯ ಬಾಗಿಲಿಗೆ ಬಂದರು.

"ಹಾರೆ ತಗೊಂಡು ಬಾಮ್ಮಾ."

"ಯಾತಕ್ಕೆ ಮಾವಾ?"

"ಬೆಟ್ಟಾನ ಅಳತೆಯಿಂದ ತಪ್ಪಿಸ್ಬೇಕು. ಅವನು ಬರ್ಕೊಂಡಿದ್ದು ಗೂಟದ ಈ ಕಡೆಯದ್ದು. ಗೂಟ ಬೆಟ್ಟದಿಂದ ಈಚೆಗೆ ಬಂದ್ರೆ ಬೆಟ್ಟ ಬಚಾವ್."

"ಗೂಟ ಕೀಳೋದಾ? ಗೊತ್ತಾದ್ರೆ?"

"ನಾನು ಕಂಡಿದೀನಿ, ನೀನು ಕಂಡಿಲ್ಲ. ನಡೀ."

ಏಳು ಗೂಟ ಕಿತ್ತೆವು. ನಾನು ಬೆನ್ನ ಮೇಲೆ ಹೊತ್ತು ತಂದೆ, ಅವರು ಅಗೆದರು, ನಾನು ಹಿಡಿದೆ, ಅವರು ಬಡಿದರು. ಮನೆಗೂ ಬೆಟ್ಟಕ್ಕೂ ನಡುವೆ ಸೊಗಸಾಗಿ ನೇರ ಸಾಲು. ಮಾವ ದೂರ ನಿಂತು ನೋಡಿ, ಎಷ್ಟೋ ವರ್ಷದ ಮೇಲೆ ಬಾಯ್ತುಂಬ ನಕ್ಕರು. "ಇನ್ಸೂಗೆ ಹೇಳ್ಬೇಡ. ಅವನ ಹೊಟ್ಟೇಲಿ ಮಾತು ನಿಲ್ಲಲ್ಲ," ಎಂದರು. ಬೇಡ ಎನ್ನಬಹುದಿತ್ತು ನಾನು. ಎನ್ನಲಿಲ್ಲ. ಸೊಸೆಯಾಗಿ ಬಂದ ದಿನದಿಂದ ಆ ಮನೆಯಲ್ಲಿ ಬೇಡ ಎಂದು ನನಗೆ ಅಭ್ಯಾಸವೇ ಇರಲಿಲ್ಲ.

ಕಾವಲಿನವರು ಬಂದದ್ದು ಎರಡು ವಾರದ ಮೇಲೆ. ಅವರು ಗೂಟ ನೋಡಿಕೊಂಡು ಬಂದರು, ಗೂಟ ಇದ್ದಲ್ಲಿ ನಿಂತರು. ರಷ್ಯಾದವರು ನಮ್ಮ ಬೆಟ್ಟದ ನೆತ್ತಿಯ ಮೇಲೆ ಚೌಕಿ ಕಟ್ಟಿದರು. ಶರತ್ಕಾಲದಲ್ಲಿ ಹಬ್ಬಕ್ಕೆ ಮುಂಚೆ ಗೋರಿಗಳ ಮೇಲಿನ ಹುಲ್ಲು ಕೊಯ್ಯಬೇಕು. ಕುಡುಗೋಲು ಹಿಡಿದು ಹೊರಟ ಮಾವನನ್ನು ಕಾವಲಿನವರು ಬಂದೂಕು ತೋರಿಸಿ ವಾಪಸು ಕಳಿಸಿದರು. ತಾವು ಸರಿಸಿದ್ದು ಜಮೀನಿನ ಗೆರೆಯಲ್ಲ, ದೇಶದ ಗೆರೆ ಎಂದು ಮಾವನಿಗೆ ತಿಳಿದದ್ದು ಆವತ್ತು.

ಮಾರನೆಯ ದಿನ ಒಂದು ಕೋಳಿ ಹಿಡಿದುಕೊಂಡು ಅಮೆರಿಕದ ಅಧಿಕಾರಿಯ ಡೇರೆಗೆ ಹೋದೆವು. ಮಾವ ನೆಲಕ್ಕೆ ಹಣೆ ಹಚ್ಚಿ, ಗೂಟ ಕಿತ್ತದ್ದು ನಾನೇ, ತಪ್ಪಾಯಿತು, ಮೊದಲಿನ ಜಾಗಕ್ಕೆ ಹಾಕಿಕೊಡುತ್ತೇನೆ ಎಂದರು. ದುಭಾಷಿ ಹೇಳಿದ್ದು ಕೇಳಿ ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಕ್ಷೆ ತೆಗೆದು ನೋಡಿದ. ನಗು ನಿಂತಿತು. ಅವನೂ ದುಭಾಷಿಯೂ ಬಹಳ ಹೊತ್ತು ಮಾತಾಡಿದರು.

"ಅಜ್ಜಾ, ಗೂಟ ತಪ್ಪು ಜಾಗದಲ್ಲಿದೆ ಅಂತ ಇವರಿಗೂ ಈಗ ಗೊತ್ತು. ಆಚೆಯೋರಿಗೂ ಗೊತ್ತಿರತ್ತೆ, ಅವರ ಹತ್ರಾನೂ ನಕ್ಷೆ ಇದೆ," ಎಂದ ದುಭಾಷಿ.

"ಹಂಗಾದ್ರೆ ಸರಿಸಿಬಿಡ್ಲಿ!"

"ಇವರು ಸರಿಸೋಣ ಅಂದ್ರೆ ಅವರು ಬಿಲ್ಕುಲ್ ಬೇಡ ಅಂತಾರೆ. ಅವರು ಅಂದ್ರೆ ಇವರು ಬೇಡ ಅಂತಾರೆ. ಒಂದು ಬೆರಳಷ್ಟು ಬಿಟ್ಟುಕೊಟ್ರೂ ಸೋತ ಹಾಗಂತೆ."

"ಕೂತ್ಕೊಂಡು ಮಾತಾಡ್ಲಿ ಸ್ವಾಮಿ. ನಮ್ಮ ಕಣದಲ್ಲೇ ಕೂತು ಕುಡಿದೋರಲ್ವಾ?"

"ಮಾತು ಬಿಟ್ಟಿದಾರೆ ಅಜ್ಜಾ. ಸೋಲ್‌ನಲ್ಲಿ ದೊಡ್ಡೋರದ್ದೂ ಸಭೆ ಮುರಿದುಬಿತ್ತು. ನೀವು ಮನೆಗೆ ಹೋಗಿ. ಗೂಟದ ವಿಷಯ ಇನ್ನೊಬ್ಬರ ಹತ್ರ ಬಾಯಿ ಬಿಟ್ಟೀರ, ಜೈಲಿಗೆ ಹಾಕ್ತಾರೆ."

ಕೋಳಿ ಮಾತ್ರ ಅವರು ಇಟ್ಟುಕೊಂಡರು.

ಅಂದಿನಿಂದ ಮಾವ ಬಾಯಿಗೆ ಬೀಗ ಹಾಕಿಕೊಂಡರು. ಪ್ರತಿ ಶರತ್ಕಾಲದಲ್ಲಿ ಪ್ಯೊ ಮನೆಯವರು ತಮ್ಮ ಗೋರಿಗಳ ಹುಲ್ಲನ್ನು ನುಣ್ಣಗೆ ಕೊಯ್ದುಕೊಂಡು, ನಮ್ಮವನ್ನು ಹಾಗೇ ಬಿಟ್ಟು ಹೋಗುತ್ತಿದ್ದರು. ಅತ್ತೆಯ ದಿಬ್ಬದ ಮೇಲೆ ಹುಲ್ಲು ಸೊಂಟದೆತ್ತರ ಬೆಳೆದು ಒಣಗಿ ನಿಲ್ಲುತ್ತಿತ್ತು. ಮಾವ ಆ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದರು. ನನ್ನ ಗಂಡ ಒಂದು ದಿನ ರಷ್ಯಾದವರಿಗೆ, ಒಂದು ದಿನ ಅಮೆರಿಕದವರಿಗೆ ಸರದಿಯಂತೆ ಶಾಪ ಹಾಕುತ್ತಿದ್ದರು. ಗೆರೆ ಎಳೆದವನ ಕೈ ಕೊಳೆತು ಹೋಗಲಿ ಎಂದು ಅವರು ಕೂಗಿದಾಗಲೆಲ್ಲ ಮಾವ ಎದ್ದು ಒಳಗೆ ಹೋಗುತ್ತಿದ್ದರು. ನಾನು ಪಾತ್ರೆ ತಿಕ್ಕುತ್ತಿದ್ದೆ. ಹೋದ ಚಳಿಗಾಲದಲ್ಲಿ ರಷ್ಯಾದವರು ಸಾಮಾನು ಕಟ್ಟಿಕೊಂಡು ಹೋದರು, ಈಗ ಅಮೆರಿಕದವರೂ ಕಟ್ಟುತ್ತಿದ್ದಾರೆ. ಜಗಳವನ್ನು ಮಾತ್ರ ಇಲ್ಲೇ ಬಿಟ್ಟು ಹೋಗುತ್ತಿದ್ದಾರೆ. ತಂತಿಯ ಎರಡು ಕಡೆಗೂ ಈಗ ನಮ್ಮ ಹುಡುಗರೇ ಬಂದೂಕು ಹಿಡಿದು ನಿಂತಿದ್ದಾರೆ, ಒಂದೇ ಮುಖ, ಒಂದೇ ಮಾತು.

ಮೂರನೆಯ ದಿನ ಬೆಳಿಗ್ಗೆ ಹೆಣದ ಪೆಟ್ಟಿಗೆ ಇಟ್ಟ ಚಟ್ಟ ಎತ್ತಿದರು. ಎಂಟು ಜನ ಹೊತ್ತರು, ಮುಂದೆ ಒಬ್ಬ ಗಂಟೆ ಅಲ್ಲಾಡಿಸುತ್ತ ಹಾಡು ಹೇಳಿದ. ನನ್ನ ಗಂಡ ಕೋಲೂರಿಕೊಂಡು "ಐಗೋ, ಐಗೋ" ಎಂದು ಹಿಂದೆ ನಡೆದರು. ಹೆಂಗಸರು ಹೆಣದ ಹಿಂದೆ ಹೋಗುವ ರೂಢಿ ನಮ್ಮ ಮನೆಯಲ್ಲಿಲ್ಲ. ನಾನು ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೋದೆ. ಯಾರೂ ತಡೆಯಲಿಲ್ಲ, ನನ್ನ ಮುಖ ಹಾಗಿತ್ತೇನೋ.

ತಂತಿಯ ಹತ್ತಿರ ನಮ್ಮ ಕಡೆಯ ಹವಾಲ್ದಾರ ಅಡ್ಡ ನಿಂತ. ಆಚೆ ನಾಲ್ವರು ಕಾವಲಿನವರು, ಅವರ ಹಿಂದೆ ಗುದ್ದಲಿ ಹಿಡಿದ ಪ್ಯೊ ಮನೆಯ ಗಂಡಸರು, ಅವರ ಮುಂದೆ ಪ್ಯೊ ಮುದುಕ. ಮಾವನ ವಯಸ್ಸಿನವನೇ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ನಲವತ್ತು ವರ್ಷ ನನ್ನ ಕೋರ್ಟಿಗೆ ಎಳೆದ ಮುದುಕ, ಈಗ ನನ್ನ ಹೆಗಲ ಮೇಲೇ ಬರ್ತಾನೇನು?" ಎಂದು ಅವನು ಕೂಗಿದ.

"ದೊಡ್ಡಪ್ಪಾ, ಕೈ ಮುಗೀತೀನಿ," ಎಂದರು ನನ್ನ ಗಂಡ. "ಅಮ್ಮನ ಪಕ್ಕ ಒಂದಿಷ್ಟು ಜಾಗ."

"ಜಾಗ ಅಗೆದಾಗಿದೆ ಕಣೋ. ನಿಮ್ಮ ಮನೆ ಅಳು ಕೇಳಿ ಬೆಳಿಗ್ಗೇನೇ ಅಗೆಸಿದೀನಿ. ನಿಮ್ಮಪ್ಪನ ಮೇಲೆ ಪ್ರೀತಿಯಿಂದಲ್ಲ, ಅವನು ಸೋತ ಅಂತ ಬರ್ಕೋ. ಚಟ್ಟ ತಂತಿ ದಾಟಿಸಿ, ನಮ್ಮ ಹುಡುಗರು ಹೊರ್ತಾರೆ."

ಆಚೆಯ ಕಾವಲಿನವರಲ್ಲಿ ಹಿರಿಯನಂತಿದ್ದವನು, "ಹೆಣ ಬರಲಿ. ಬದುಕಿರೋರು ಬರೋದಾದ್ರೆ ಬರಲಿ, ವಾಪಸ್ ಬಿಡಲ್ಲ," ಎಂದ.

ನಮ್ಮ ಹವಾಲ್ದಾರ ತಾನೂ ಕಮ್ಮಿಯಿಲ್ಲ ಎಂಬಂತೆ ಎದೆ ಸೆಟೆಸಿದ. "ಅವರು ಬಿಟ್ರೂ ನಾನು ಬಿಡಲ್ಲ. ಹೋದೋನು ಹೋದ. ಬಂದ್ರೆ ಆಚೆಯೋರ ಗೂಢಚಾರ ಅಂತ ಒಳಗೆ ಹಾಕ್ತೀನಿ."

ನನ್ನ ಗಂಡ ನನ್ನ ಕಡೆ ತಿರುಗಿದರು. ಆ ಕಣ್ಣು ನೋಡಿದ ಕೂಡಲೇ ತಿಳಿಯಿತು, ಮನಸ್ಸಿನಲ್ಲಿ ಆಗಲೇ ದಾಟಿಯಾಗಿದೆ ಎಂದು.

"ಮಗ ಇದ್ದೂ ಅಪ್ಪ ಅನಾಥ ಹೆಣ ಆಗ್ಬಾರ್ದು. ಮಣ್ಣು ಹಾಕಿ ಬರ್ತೀನಿ. ಹೇಗಾದ್ರೂ ಬರ್ತೀನಿ."

"ಚೋನ್ ಕೂಡಾ ಹೀಗೇ ಅಂದಿದ್ದ."

"ಯಾವನೋ ದರಿದ್ರದೋನು ಎಳೆದ ಗೆರೆಗೆ ಹೆದರಿ ಅಪ್ಪನ್ನ ಶತ್ರುಗಳ ಕೈಗೆ ಕೊಡ್ಲಾ?"

ಮಗಳು ಬೆನ್ನ ಮೇಲೆ ನಿದ್ದೆ ಹೋಗಿದ್ದಳು. ನನಗೆ ಸಾಕಾಗಿ ಹೋಗಿತ್ತು. ಮಾವನಿಗೆ ಕೊಟ್ಟ ಮಾತು, ಸೊಸೆಯ ಮರ್ಯಾದೆ, ಎಲ್ಲ ಸಾಕಾಗಿತ್ತು. ಅವರ ತೋಳು ಹಿಡಿದು ಹತ್ತಿರ ಎಳೆದುಕೊಂಡೆ.

"ರೀ, ಆ ದರಿದ್ರದೋನು ಇಲ್ಲೇ ಚಟ್ಟದ ಮೇಲೆ ಮಲಗಿದಾರೆ."

"ಏನಂದೆ?"

"ಗೂಟ ಬೆಟ್ಟದ ಆಚೆ ಇತ್ತು. ನಿಮ್ಮಪ್ಪನೇ ಕಿತ್ತು ಇಲ್ಲಿ ನೆಟ್ರು. ಜಪಾನಿನೋರ ಥರ ಬೆಟ್ಟ ಕಿತ್ಕೋತಾರೆ ಅಂತ ಹೆದರಿ ನೆಟ್ರು. ನಾನು ಹಿಡ್ಕೊಂಡಿದ್ದೆ."

"ಸುಳ್ಳು ಬೊಗಳ್ತೀಯ! ನನ್ನ ನಿಲ್ಲಿಸೋಕೆ ಸತ್ತೋರ ಮೇಲೆ..."

"ನಿಲ್ಲಿಸೋಕೇ ಹೇಳ್ತಿರೋದು. ಸುಳ್ಳಲ್ಲ. ಊರಿಗೆ ಊರೇ ಈ ಬೇಲಿಗೆ ಶಾಪ ಹಾಕ್ತು. ನಿಮ್ಮಪ್ಪ ಒಂದು ದಿನ ಶಾಪ ಹಾಕಿದ್ದು ಕೇಳಿದೀರಾ? ಒಂದೇ ಒಂದು ದಿನ?"

ಅವರು ನನ್ನ ಕೈ ಕೊಡವಿಕೊಂಡರು. ಚಟ್ಟವನ್ನೇ ನೋಡುತ್ತ ನಿಂತರು. ಎರಡು ವರ್ಷದ ಒಂದೊಂದು ಸಂಜೆಯನ್ನೂ, ಅಪ್ಪ ಎದ್ದು ಒಳಗೆ ಹೋದ ಒಂದೊಂದು ಸಲವನ್ನೂ ಅವರು ನೆನೆಯುತ್ತಿದ್ದರು ಎಂದು ನನಗೆ ಗೊತ್ತಾಗುತ್ತಿತ್ತು. ಹೊತ್ತಿದ್ದ ಎಂಟು ಜನ ಹೆಗಲು ಬದಲಿಸಿದರು. ಗಂಟೆಯವನು ಗಂಟೆ ನಿಲ್ಲಿಸಿ ನಮ್ಮನ್ನೇ ನೋಡಿದ.

"ದಾಟಿಸ್ರೋ," ಎಂದರು ನನ್ನ ಗಂಡ ಕೊನೆಗೆ. ದನಿಯಲ್ಲಿ ಏನೂ ಇರಲಿಲ್ಲ.

ಚಟ್ಟ ತಂತಿಯ ಮೇಲಿಂದ ಆಚೆಯ ಹೆಗಲುಗಳಿಗೆ ಹೋಯಿತು. ನನ್ನ ಗಂಡ ಕೋಲನ್ನು ಹುಲ್ಲಿನ ಮೇಲೆ ಇಟ್ಟರು. ತಲೆಯ ಸೆಣಬಿನ ಟೋಪಿ ಕಳಚಿ ಅದರ ಪಕ್ಕ ಇಟ್ಟರು. ತಿರುಗಿ ಮನೆಯ ಕಡೆ ನಡೆದರು. ಅಪ್ಪನ ಹೆಣಕ್ಕೆ ಬೆನ್ನು ಮಾಡಿ ಹೋದ ಮಗನನ್ನು ನಮ್ಮ ಸೀಮೆಯಲ್ಲಿ ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ಊರಿನವರು ತಲೆ ತಗ್ಗಿಸಿದರು. ಅವರನ್ನು ಉಳಿಸಿಕೊಂಡೆ ಎಂದು ನನ್ನ ಜೀವ ಕುಣಿಯಬೇಕಿತ್ತು. ನಾನು ಆ ಕೋಲು, ಟೋಪಿಯ ಪಕ್ಕ ಹುಲ್ಲಿನ ಮೇಲೆ ಕೂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಬೆಟ್ಟದಿಂದ ಪ್ಯೊ ಮುದುಕನ ಕೂಗು ಕೇಳಿಸಿತು.

"ಮಗ ಎಲ್ಲೋ? ಪೆಟ್ಟಿಗೆ ಇಳಿಸಿದೀವಿ! ಮೂರು ಸಲ ಮಗನ ಮಣ್ಣು ಬೀಳದೆ ನಾನು ಮುಚ್ಚಿಸೋಕಾಗಲ್ಲ! ಅಲ್ಲಿಂದಲೇ ಹಾಕಂತ ಹೇಳ್ರೋ!"

ಮುದುಕ ಮತ್ತೆ ಕೂಗಿದ. ಈ ಸಲ ದನಿಯಲ್ಲಿ ಸಿಟ್ಟಿತ್ತು, "ಏನ್ರೋ, ಹಗೆಯೋನಾದ ನಾನೇ ಕಾಯ್ತಿದೀನಿ, ಮಗನಿಗೆ ಬಿಡುವಿಲ್ವಾ?"

ನಾನು ಎದ್ದು ತಂತಿಯ ಹತ್ತಿರ ಹೋದೆ. ಹೆಂಗಸರು ಮಾಡುವ ಕೆಲಸವಲ್ಲ ಅದು. ಒಂದು ಹಿಡಿ ಮಣ್ಣು ಕೆರೆದು ತೆಗೆದೆ.

"ಮಣ್ಣು ಹಾಕ್ತಿದೀನಿ ಮಾವಾ!" ಎಂದು ಕೂಗಿ ಎಸೆದೆ. ಮಗಳು ಬೆಚ್ಚಿ ಎದ್ದು ಅಳತೊಡಗಿದಳು. ಎರಡನೆಯ ಸಲ ಎಸೆದೆ, ಮೂರನೆಯ ಸಲ ಎಸೆದೆ. ಮಣ್ಣು ತಂತಿಯಾಚೆ ನಾಲ್ಕು ಹೆಜ್ಜೆ ದೂರಕ್ಕೂ ಹೋಗಲಿಲ್ಲ. ಕಾವಲಿನ ಹುಡುಗರು ಎರಡು ಕಡೆಯವರೂ ಬೇರೆಲ್ಲೋ ನೋಡುತ್ತ ನಿಂತರು.

ಬೆಟ್ಟದ ಮೇಲಿಂದ ಮುದುಕ, "ಆಯ್ತು. ಮುಚ್ರೋ," ಎಂದ.

ಮನೆಗೆ ಬಂದಾಗ ನನ್ನ ಗಂಡ ಜಗಲಿಯ ಮೇಲೆ ಕೂತಿದ್ದರು. ಮಗಳನ್ನು ಇಳಿಸಿ ಪಕ್ಕದಲ್ಲಿ ಕೂತೆ.

"ಮುಚ್ಚಿದ್ರಾ?"

"ಮುಚ್ಚಿದ್ರು."

ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ನಾನು ಕಾದೆ.

"ಅವತ್ತೇ ಯಾಕೆ ಹೇಳ್ಲಿಲ್ಲ ನೀನು?"

"ಬೇಡ ಅಂದಿದ್ರು. ನೀವು ಅವರ ಮುಖಕ್ಕೆ ಉಗೀತೀರಿ ಅಂತ ಹೆದರಿಕೆ ಅವರಿಗೆ."

"ಉಗೀತಿದ್ದೆ," ಎಂದರು. "ಉಗಿದು, ಒಂದು ತಿಂಗಳು ಮಾತು ಬಿಟ್ಟು, ಆಮೇಲೆ ಇಬ್ಬರೂ ಕೂತು ಕುಡಿದು ರಾಜಿ ಆಗ್ತಿದ್ವಿ. ಈಗ ಯಾರ ಹತ್ರ ರಾಜಿ ಮಾಡ್ಕೊಳ್ಲಿ ಹೇಳು?"